ಹೊಸ ಬ್ಯಾಟರಿ ಹಾಕಿದರೂ ಏಳದ ಸೆಲ್ಫ್: ಬದಿಯಡ್ಕ ಕಡೆಯ ಹಳೆಯ ಬೈಕೊಂದರ ಪ್ರಕರಣ

ಬೈಕು ಯಾವ ಕಂಪನಿಯದು, ಯಜಮಾನರು ಯಾರು, ನನಗಿಂತ ಮೊದಲು ಕೈಹಾಕಿದ ಗ್ಯಾರೇಜುಗಳು ಯಾವುವು ಎಂದು ಇಲ್ಲಿ ಬರೆದಿಲ್ಲ. ಬರೆದರೂ ಪ್ರಯೋಜನವಿಲ್ಲ, ಈ ತೊಂದರೆ ಯಾವ ಕಂಪನಿಯ ಹಳೆಯ ಬೈಕಿಗೂ ಬರಬಹುದು. ಓದುವವರಿಗೆ ಬೇಕಾದಷ್ಟನ್ನು ಹೇಳುತ್ತೇನೆ. ಸುಮಾರು 150 ಸಿಸಿ, ಕಾರ್ಬ್ಯುರೇಟರ್, ಸೆಲ್ಫ್ ಮತ್ತು ಕಿಕ್ಕರ್ ಎರಡೂ ಉಂಟು, 2007ರಲ್ಲಿ ನೋಂದಣಿಯಾದದ್ದು. ಯಜಮಾನರು ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕ ಮತ್ತು ಪೆರ್ಲದ ನಡುವಿನ ಒಂದು ಊರಿನವರು, ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರರು. ಸಣ್ಣದೊಂದು ಅಡಿಕೆ ತೋಟವಿದೆ. ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಹಾಗಾಗಿ ಕಿಕ್ಕರ್ ತುಳಿಯುವಂತಿಲ್ಲ, ಸೆಲ್ಫ್ ಇಲ್ಲವೆಂದರೆ ಬೈಕೇ ಇಲ್ಲವೆಂದು ಲೆಕ್ಕ.

ಹಿನ್ನೆಲೆ

ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಬೈಕಿಗೆ ಆ ಗಡುವು ಬಂದದ್ದು 2022ರಲ್ಲಿ. ತಪಾಸಣೆಗೆ ಕೊಂಡೊಯ್ಯುವ ಮೊದಲು ಎಲ್ಲರೂ ಮಾಡುವಂತೆ ಮಾಸ್ತರರೂ ಗಾಡಿಯನ್ನು ಸಿಂಗರಿಸಿದರು. ಚಾಸಿಗೆ ಕಪ್ಪು ಬಣ್ಣ, ಎಂಜಿನ್ನಿಗೆ ಬೆಳ್ಳಿ ಬಣ್ಣ, ಹೊಸ ಸೀಟ್ ಕವರ್. ತಪಾಸಣೆ ಸಲೀಸಾಗಿ ಮುಗಿಯಿತು. ಆ ವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ಸೆಲ್ಫ್ ನಿಧಾನವಾಗತೊಡಗಿತು.

ಬಣ್ಣಕ್ಕೂ ಸೆಲ್ಫಿಗೂ ಸಂಬಂಧವಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆಯದಿರುವುದು ಸಹಜ, ಏಕೆಂದರೆ ನಡುವೆ ಕೆಲವು ತಿಂಗಳು ಬೈಕು ಚೆನ್ನಾಗಿಯೇ ಓಡಿತ್ತು.

ಈ ಬೈಕಿನ ದಿನಚರಿಯನ್ನೂ ಹೇಳಬೇಕು. ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು. ಬೈಕು ನಿಲ್ಲುವುದು ತೋಟದ ಅಂಚಿನ ತಗಡಿನ ಮಾಡಿನ ಕೆಳಗೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವಾಗ ಮೈಲುತುತ್ತಿನ ಚೀಲ ಪೇಟೆಯಿಂದ ಬರುವುದೂ ಇದೇ ಬೈಕಿನಲ್ಲಿ, ಹೊಡೆಯುವಾಗ ಹನಿ ಬೀಳುವುದೂ ಇದರ ಮೇಲೆಯೇ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಅದು ತಿನ್ನುತ್ತದೆ. ಆದ್ದರಿಂದಲೇ ದ್ರಾವಣ ಕಲಸಲು ತಗಡಿನ ಡಬ್ಬಿ ಬಳಸಬಾರದು ಎಂದು ಹಿರಿಯರು ಹೇಳುವುದು. ಅದೇ ಪುಡಿ ಬೈಕಿನ ಬೋಲ್ಟುಗಳ ಸಂದಿಯಲ್ಲಿ ಕುಳಿತರೆ ಏನಾದೀತು ಎಂದು ಯಾರೂ ಯೋಚಿಸುವುದಿಲ್ಲ.

ತೊಂದರೆ ಮತ್ತು ಅದಕ್ಕೆ ನಡೆದ ಚಿಕಿತ್ಸೆ

ಗುಂಡಿ ಒತ್ತಿದರೆ ಎಂಜಿನ್ ಸೋತವರಂತೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಪಕ್ಕದ ಮನೆಯ ಹುಡುಗ ಬಂದು ಕಿಕ್ಕರ್ ತುಳಿದರೆ ಒಂದೇ ಏಟಿಗೆ ಸ್ಟಾರ್ಟ್. ಓಡುವಾಗ ಎಂಜಿನ್ನಿನಲ್ಲಿ ಒಂದಿಷ್ಟೂ ಕುಂದಿಲ್ಲ.

ಮೊದಲ ಗ್ಯಾರೇಜಿನಲ್ಲಿ ಬ್ಯಾಟರಿ ಹಳತಾಗಿದೆ ಎಂದು ಬದಲಾಯಿಸಿದರು. ಆ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಸೆಲ್ಫ್ ಸೋತರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ ಹೋಗಬೇಕಾದದ್ದೇ. ಬೈಕು ಸರಿಯಾಯಿತು. ಕೆಲವು ವಾರ ಕಳೆದು ಮತ್ತೆ ಅದೇ ಕಥೆ. ಆಗ ಸ್ಟಾರ್ಟರ್ ಮೋಟಾರ್ ಬಿಚ್ಚಿ ಅದರೊಳಗೆ ಕರೆಂಟ್ ಹಾಯಿಸುವ ಕಾರ್ಬನ್ ಬ್ರಶ್ ಹೊಸದು ಹಾಕಿದರು. ಸರಿಯಾಯಿತು, ಮತ್ತೆ ಕೆಟ್ಟಿತು. ಇನ್ನೊಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿ ಕಾರ್ಬ್ಯುರೇಟರ್ ತೊಳೆದರು. ಅದರಿಂದ ಏನೂ ಆಗಲಿಲ್ಲ. ಕಿಕ್ಕರಿಗೆ ಒಂದೇ ಏಟಿಗೆ ಹತ್ತುವ ಎಂಜಿನ್ನಿನ ಕಾರ್ಬ್ಯುರೇಟರನ್ನು ಏಕೆ ತೊಳೆದರೋ ನನಗೆ ಈಗಲೂ ಅರ್ಥವಾಗಿಲ್ಲ. ಬಳಿಕ ಸ್ಟಾರ್ಟರ್ ರಿಲೇ, ಅಂದರೆ ಗುಂಡಿ ಒತ್ತಿದಾಗ ಮೋಟಾರಿಗೆ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ ಬದಲಾಯಿತು. ಬಳಿಕ ಅಗ್ಗದ ಒಂದು ಸಿಡಿಐ, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪೆಟ್ಟಿಗೆ ಬಂತು. ಕೊನೆಗೆ ವರ್ಷ ತುಂಬುವ ಮೊದಲೇ ಸತ್ತ ಬ್ಯಾಟರಿಯ ಜಾಗಕ್ಕೆ ಇನ್ನೊಂದು ಹೊಸ ಬ್ಯಾಟರಿ. ಅದು ಹಾಕಿದ ಮೇಲೂ ಒಂದು ತಿಂಗಳು ನೆಮ್ಮದಿ, ಆಮೇಲೆ ಮತ್ತೆ ಮೊದಲಿನಂತೆ. ಇಡೀ ವೈರಿಂಗ್ ಕಿಟ್ ಬದಲಾಯಿಸಬೇಕು ಎಂಬ ಮಾತು ಬಂದಾಗ ಮಾಸ್ತರರು ಕೈಚೆಲ್ಲಿದರು. ಹಳೆಯದನ್ನು ಮಾರಿಬಿಡಿ, ಸ್ಕೂಟರ್ ಕೊಡಿಸುತ್ತೇನೆ ಎಂದು ಮಗನೂ ಹೇಳುತ್ತಿದ್ದನಂತೆ. ಆ ಹಂತದಲ್ಲಿ, 2023ರ ಮಳೆಗಾಲದ ಕೊನೆಗೆ, ಬೈಕು ನನ್ನ ಬಳಿಗೆ ಬಂತು.

ಇಲ್ಲಿ ಗಮನಿಸಬೇಕಾದದ್ದು ಸೋತ ಚಿಕಿತ್ಸೆಗಳನ್ನಲ್ಲ, ಕೆಲವು ವಾರ ಗೆದ್ದಂತೆ ಕಂಡವುಗಳನ್ನು. ಬ್ಯಾಟರಿ, ಬ್ರಶ್, ಮತ್ತೆ ಬ್ಯಾಟರಿ: ಮೂರೂ ಸಲ ಬೈಕು ನಿಜವಾಗಿಯೇ ಸುಧಾರಿಸಿತ್ತು. ಹಾಗಾಗಿ ಪ್ರತಿಯೊಬ್ಬ ಮೆಕ್ಯಾನಿಕನೂ ತನ್ನ ಕೆಲಸ ಸರಿಯಾಗಿತ್ತು, ಈಗ ಕೆಟ್ಟಿರುವುದು ಬೇರೆ ಭಾಗ ಎಂದು ನಂಬಲು ಕಾರಣವಿತ್ತು. ಈ ಮೂರು ಕೆಲಸಗಳಲ್ಲಿಯೂ ಸಮಾನವಾದದ್ದು ಏನು ಎಂದು ಕೇಳಿಕೊಂಡಿದ್ದರೆ ದಾರಿ ಅಲ್ಲೇ ಸಿಗುತ್ತಿತ್ತು. ಬ್ಯಾಟರಿ ಬದಲಾಯಿಸಲು ನೆಗೆಟಿವ್ ಕೇಬಲ್ ಬಿಚ್ಚಿ ಎಳೆಯಬೇಕು. ಸ್ಟಾರ್ಟರ್ ಮೋಟಾರ್ ಬಿಚ್ಚುವವನು ಎಂಜಿನ್ನಿನ ಹಿಂಬದಿಯಲ್ಲಿ ಅದೇ ಕೇಬಲಿನ ಇನ್ನೊಂದು ತುದಿಯನ್ನು ಸರಿಸಬೇಕು. ಮೂರೂ ಸಲ ಆ ಕೇಬಲ್ ಅಲುಗಾಡಿತ್ತು. ಅಲುಗಿದಾಗ ಅದರೊಳಗೆ ಉಳಿದಿದ್ದ ಎಳೆಗಳು ಒಂದಕ್ಕೊಂದು ತಾಗಿಕೊಂಡು ಕೆಲವು ದಿನ ಕೆಲಸ ಮಾಡಿದ್ದವು.

ಇದು ನನಗೆ ತಿಳಿದದ್ದು ಕೇಬಲ್ ಕತ್ತರಿಸಿ ನೋಡಿದ ಮೇಲೆ. ಆದರೆ ಆ ಕಡೆಗೆ ದಾರಿ ತೋರಿಸಿದ್ದು ಮಾಸ್ತರರೇ.

ಕೇಳದೆ ಉಳಿದಿದ್ದ ಪ್ರಶ್ನೆ

“ಒತ್ತಿ ಹಿಡಿದಷ್ಟು ಹೊತ್ತೂ ಹತ್ತುವುದಿಲ್ಲ. ಸಾಕಾಗಿ ಬೆರಳು ತೆಗೆಯುತ್ತೇನೆ ನೋಡಿ, ಆಗ ಒಮ್ಮೊಮ್ಮೆ ಹತ್ತಿಬಿಡುತ್ತದೆ. ಇದೊಂದು ಹಟಮಾರಿ ಗಾಡಿ ಮಾರಾಯರೇ,” ಎಂದರು.

“ಇದನ್ನು ಮೊದಲಿನವರಿಗೆ ಹೇಳಿದ್ದಿರಾ ಮಾಸ್ಟ್ರೇ?”

“ಅವರು ಕೇಳಲಿಲ್ಲ. ಸೆಲ್ಫ್ ಇಲ್ಲ ಎಂದೆ, ಅಷ್ಟೇ.”

ಬೆರಳು ತೆಗೆದ ಕ್ಷಣದಲ್ಲಿ ಎಂಜಿನ್ ಹತ್ತಿಕೊಳ್ಳುತ್ತದೆ ಎನ್ನುವುದು ಸಣ್ಣ ಮಾತಲ್ಲ. ಸಿಡಿಐಗಳಲ್ಲಿ ಎರಡು ಬಗೆ. ಒಂದು ಬಗೆಯದು ಕಿಡಿಗೆ ಬೇಕಾದ ವಿದ್ಯುತ್ತನ್ನು ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ಟಿನ ಒಂದು ಕಾಯಿಲಿನಿಂದಲೇ ಪಡೆಯುತ್ತದೆ. ಬ್ಯಾಟರಿ ಸತ್ತರೂ, ಇಲ್ಲದಿದ್ದರೂ ಅದಕ್ಕೆ ಲೆಕ್ಕವಿಲ್ಲ. ಇನ್ನೊಂದು ಬಗೆಯದು ಬ್ಯಾಟರಿಯಿಂದ ಉಣ್ಣುತ್ತದೆ. ಈ ಬೈಕಿನದು ಎರಡನೆಯದು. ಗುಂಡಿ ಒತ್ತಿದಾಗ ಸ್ಟಾರ್ಟರ್ ಮೋಟಾರ್ ಹತ್ತಾರು ಆಂಪಿಯರ್ ಎಳೆಯುತ್ತದೆ. ಆ ಎಳೆತದಲ್ಲಿ ಸಿಡಿಐಗೆ ಸಿಗುವ ವೋಲ್ಟೇಜ್ ಅತಿಯಾಗಿ ಕುಸಿದರೆ ಎಂಜಿನ್ ತಿರುಗುತ್ತದೆ, ಕಿಡಿ ಬರುವುದಿಲ್ಲ. ಜೊತೆಗೆ ಎಂಜಿನ್ ನಿಧಾನ ತಿರುಗಿದಷ್ಟೂ ಯಾವಾಗ ಕಿಡಿ ಹಾರಿಸಬೇಕು ಎಂದು ತಿಳಿಸುವ ಪಿಕಪ್ ಕಾಯಿಲಿನ ಸಂಕೇತವೂ ದುರ್ಬಲ. ಬೆರಳು ತೆಗೆದೊಡನೆ ಭಾರ ಇಳಿಯುತ್ತದೆ, ವೋಲ್ಟೇಜ್ ಏರುತ್ತದೆ, ಎಂಜಿನ್ ಇನ್ನೂ ಅದೇ ಓಘದಲ್ಲಿ ಒಂದು ಸುತ್ತು ತಿರುಗುತ್ತಿರುತ್ತದೆ, ಕಿಡಿ ಹಾರುತ್ತದೆ. ಕಿಕ್ಕರ್ ತುಳಿದಾಗ ಸ್ಟಾರ್ಟರಿನ ಭಾರವೇ ಇಲ್ಲದ್ದರಿಂದ ಒಂದೇ ಏಟು ಸಾಕು.

ಅಂದರೆ ಪ್ಲಗ್, ಕಾಯಿಲ್, ಪೆಟ್ರೋಲ್, ಕಾರ್ಬ್ಯುರೇಟರ್ ಎಲ್ಲವೂ ನಿರ್ದೋಷಿಗಳು. ಸಿಡಿಐ ಕೂಡ ಬಹುಮಟ್ಟಿಗೆ ನಿರ್ದೋಷಿ. ಭಾರ ಬಿದ್ದಾಗ ಎಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ. ಬ್ಯಾಟರಿಯ ಒಳಗೋ, ದಾರಿಯಲ್ಲೋ ಎಂಬುದಷ್ಟೇ ಉಳಿದ ಪ್ರಶ್ನೆ.

ಮೀಟರ್ ಹಿಡಿದದ್ದು

ಸುಮ್ಮನೆ ನಿಂತ ಬೈಕಿನಲ್ಲಿ ಬ್ಯಾಟರಿ 12.5 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ ಬ್ಯಾಟರಿ 12.6ರಿಂದ 12.8 ತೋರಿಸಬೇಕು, 12.2ಕ್ಕೆ ಇಳಿದರೆ ಅರ್ಧ ಖಾಲಿ ಎಂದು ಸ್ಥೂಲ ಲೆಕ್ಕ. 12.5 ಕೆಟ್ಟದ್ದಲ್ಲ. ಆದರೆ ಸುಮ್ಮನೆ ನಿಂತಾಗಿನ ಅಂಕಿಯನ್ನು ನಂಬಿ ಬ್ಯಾಟರಿಗೆ ಪ್ರಮಾಣಪತ್ರ ಕೊಡುವ ಅಭ್ಯಾಸ ನನಗಿಲ್ಲ. ಸತ್ತ ಬ್ಯಾಟರಿಯೂ ಭಾರವಿಲ್ಲದಾಗ 12.5 ತೋರಿಸಬಲ್ಲದು.

ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗಳಿಗೇ, ಅಂದರೆ ಕೇಬಲಿನ ತುದಿಯ ಲೋಹದ ಬಳೆಗೆ (ಲಗ್‌ಗೆ) ಅಲ್ಲ, ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ ಹಿಡಿದು, ಮಾಸ್ತರರಿಗೆ ಗುಂಡಿ ಒತ್ತಲು ಹೇಳಿದೆ. ಸಾಮಾನ್ಯವಾಗಿ ಈ ಪರೀಕ್ಷೆ ಮಾಡುವಾಗ ಎಂಜಿನ್ ಹತ್ತಿಕೊಳ್ಳದಂತೆ ಪ್ಲಗ್ಗಿನ ಕ್ಯಾಪ್ ಕಳಚಿ, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಇಡಬೇಕು. ಕ್ಯಾಪನ್ನು ಗಾಳಿಯಲ್ಲಿ ನೇತಾಡಲು ಬಿಟ್ಟರೆ ಸಿಡಿಐ ಸುಡುವ ಅಪಾಯ. ಈ ಬೈಕಿಗೆ ಹತ್ತಿಕೊಳ್ಳುವ ಭಯವೇ ಇರಲಿಲ್ಲ.

ಎಂಜಿನ್ ನರಳುತ್ತ ತಿರುಗಿತು. ಬ್ಯಾಟರಿಯಲ್ಲಿ 11.2 ವೋಲ್ಟ್.

ಇಡೀ ಪ್ರಕರಣದ ತಿರುವು ಈ 11.2. ಬ್ಯಾಟರಿ ದುರ್ಬಲವಾಗಿದ್ದರೆ ಗುಂಡಿ ಒತ್ತಿದಾಗ 9ಕ್ಕೋ 8ಕ್ಕೋ ಕುಸಿಯಬೇಕಿತ್ತು. ಎಂಜಿನ್ ಇಷ್ಟು ಸೋತು ತಿರುಗುತ್ತಿರುವಾಗಲೂ ಬ್ಯಾಟರಿ 11ರ ಮೇಲೆ ನಿಂತಿದೆ ಎಂದರೆ ಅದು ಸೋತಿಲ್ಲ, ಅದರಿಂದ ಯಾರೂ ಸಾಕಷ್ಟು ಕರೆಂಟ್ ಎಳೆಯುತ್ತಲೇ ಇಲ್ಲ. ದಾರಿಯಲ್ಲಿ ಯಾವುದೋ ಕಡೆ ತಡೆ ಇದೆ. ಎರಡು ಹೊಸ ಬ್ಯಾಟರಿಗಳ ಹಣ ಈ ಒಂದು ಅಂಕಿಯಲ್ಲಿ ಉಳಿಯುತ್ತಿತ್ತು.

ಮುಂದಿನದು ಹುಡುಕಾಟ. ಮೋಟಾರಿನ ದಪ್ಪ ಕೇಬಲ್ ಕೂರುವ ಬೋಲ್ಟಿಗೆ ಒಂದು ಕಡ್ಡಿ, ಮೋಟಾರಿನ ಲೋಹದ ಮೈಗೆ ಇನ್ನೊಂದು. ಗುಂಡಿ ಒತ್ತಿದಾಗ 7.6 ವೋಲ್ಟ್. ಬ್ಯಾಟರಿ ಕೊಟ್ಟದ್ದು 11.2, ಮೋಟಾರಿಗೆ ಸೇರಿದ್ದು 7.6, ದಾರಿಯಲ್ಲಿ ನುಂಗಿದ್ದು 3.6. ಯಾವ ದಾರಿ? ಹೋಗುವ ದಾರಿ ಎಂದರೆ ಬ್ಯಾಟರಿಯ ಪಾಸಿಟಿವ್‌ನಿಂದ ರಿಲೇ ದಾಟಿ ಮೋಟಾರಿನವರೆಗೆ. ಆ ಎರಡು ತುದಿಗಳಿಗೆ ಕಡ್ಡಿ ಇಟ್ಟು ಒತ್ತಿಸಿದರೆ 0.5. ಹಳೆಯ ಬೈಕಿಗೆ ಇಷ್ಟು ಕ್ಷಮ್ಯ. ಮರಳುವ ದಾರಿ ಎಂದರೆ ಎಂಜಿನ್ನಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ವರೆಗೆ. ಅಲ್ಲಿ 3.1 ವೋಲ್ಟ್. 0.2ರ ಒಳಗೆ ಇರಬೇಕಾದ ಜಾಗವದು.

ಸೆಲ್ಫ್ ಕೆಟ್ಟರೆ ಎಲ್ಲರ ಕಣ್ಣೂ ಪಾಸಿಟಿವ್ ಕಡೆಗೆ ಹೋಗುತ್ತದೆ, ಏಕೆಂದರೆ ಅಲ್ಲಿ ರಿಲೇ ಇದೆ, ಫ್ಯೂಸ್ ಇದೆ, ಬದಲಾಯಿಸಲು ವಸ್ತುಗಳಿವೆ. ನೆಗೆಟಿವ್ ಕಡೆಯಲ್ಲಿ ಇರುವುದು ಒಂದು ಕೇಬಲ್ ಮತ್ತು ಒಂದು ಬೋಲ್ಟ್. ಅಂಗಡಿಯಲ್ಲಿ ಅದನ್ನು ಮಾರಿ ಲಾಭ ಮಾಡಿದವರಿಲ್ಲ.

ಮೊದಲಿನ ಗ್ಯಾರೇಜೊಂದರಲ್ಲಿ ಅರ್ತ್, ಅಂದರೆ ಈ ಮರಳುವ ದಾರಿಯ ಪರೀಕ್ಷೆ ಮಾಡಿದ್ದರಂತೆ. ಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ನಿಗೂ ತಾಗಿಸಿದರು, ಬೀಪ್ ಬಂತು, ಅರ್ತ್ ಸರಿ ಇದೆ ಎಂದರು. ಆ ಬೀಪ್ ಸುಳ್ಳಲ್ಲ, ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ. ಬೀಪ್ ಕೂಗಿಸಲು ಮೀಟರ್ ಹರಿಸುವ ಕರೆಂಟ್ ಬಹಳ ಅಲ್ಪ. ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಅದು ಕೂಗುತ್ತದೆ. ಓಮ್ ಅಳೆದರೂ ಅಷ್ಟೇ. ನಮ್ಮ ಬಳಿ ಇರುವ ಸಾಧಾರಣ ಮೀಟರಿನ ಕಡ್ಡಿಗಳ ತಂತಿಗೇ 0.2 ಓಮ್‌ನಷ್ಟು ತಡೆ ಇರುತ್ತದೆ. ಇಲ್ಲಿ ಹುಡುಕುತ್ತಿದ್ದದ್ದು ಅದಕ್ಕಿಂತಲೂ ಚಿಕ್ಕ ತಡೆಯನ್ನು. 0.06 ಓಮ್ ಎಂದರೆ ಮೀಟರಿಗೆ ಸೊನ್ನೆಯೇ. ಅದರಲ್ಲಿ 50 ಆಂಪಿಯರ್ ಹರಿಸಿ ನೋಡಿ, 3 ವೋಲ್ಟ್ ಮಾಯ. ಆದ್ದರಿಂದ ಸ್ಟಾರ್ಟರಿನ ದಾರಿಯನ್ನು ಅಳೆಯುವುದಾದರೆ ಸ್ಟಾರ್ಟರ್ ತಿರುಗುತ್ತಿರುವಾಗಲೇ, ವೋಲ್ಟೇಜಿನಲ್ಲೇ ಅಳೆಯಬೇಕು. ಅಡ್ಡದಾರಿ ಇಲ್ಲ.

ಕೇಬಲಿನ ಒಳಗೆ

ಈ ಬೈಕಿನ ಬ್ಯಾಟರಿ ನೆಗೆಟಿವ್‌ನಿಂದ ಎರಡು ವೈರುಗಳು ಹೊರಡುತ್ತವೆ. ದಪ್ಪದ್ದು ನೇರ ಎಂಜಿನ್ನಿಗೆ; ಸ್ಟಾರ್ಟರಿನ ಕರೆಂಟ್ ಮರಳುವುದು ಅದರಲ್ಲಿ. ತೆಳುವಾದದ್ದು ವೈರಿಂಗ್ ಕಿಟ್ಟಿನೊಳಗೆ ಹೋಗಿ ಚಾಸಿಗೂ, ಸಿಡಿಐ, ರೆಗ್ಯುಲೇಟರ್ (ಚಾರ್ಜಿಂಗಿನ ವೋಲ್ಟೇಜನ್ನು ಹದದಲ್ಲಿಡುವ ಭಾಗ), ದೀಪ, ಹಾರ್ನ್ ಇವೆಲ್ಲದರ ಅರ್ತ್‌ಗೂ ಸೇರುತ್ತದೆ.

ದಪ್ಪ ಕೇಬಲಿನ ಎಂಜಿನ್ ತುದಿಯ ಬೋಲ್ಟ್ ಬಿಚ್ಚಿದೆ. ಲಗ್ಗಿನ ಕೆಳಗೆ ಎಂಜಿನ್ನಿನ ಮೈಯಲ್ಲಿ ಬೆಳ್ಳಿ ಬಣ್ಣ ನುಣ್ಣಗೆ ಹಾಗೆಯೇ ಇತ್ತು. ಬಣ್ಣ ಹೊಡೆದವನು ಕೇಬಲ್ ತೆಗೆದು, ಬಣ್ಣ ಒಣಗಿದ ಮೇಲೆ ಅದರ ಮೇಲೆಯೇ ಲಗ್ ಕೂರಿಸಿ ಬಿಗಿದಿದ್ದ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಹಾಗಾದರೆ ಇಷ್ಟು ದಿನ ಕರೆಂಟ್ ಹೋಗಿದ್ದು ಬೋಲ್ಟಿನ ತಲೆಯಿಂದ, ಅದರ ತಿರುಪಿನ ಸುರುಳಿಯ ಮೂಲಕ. ಮೊದಮೊದಲು ಅಷ್ಟೇ ಸಾಕಾಗಿತ್ತು, ಆದ್ದರಿಂದಲೇ ಬೈಕು ಕೆಲವು ತಿಂಗಳು ಚೆನ್ನಾಗಿತ್ತು. ಬೋಲ್ಟಿಗೆ ತುಕ್ಕು ಹಿಡಿಯುತ್ತ ಹೋದಂತೆ ಆ ದಾರಿಯೂ ಕಿರಿದಾಯಿತು.

ಲಗ್ಗನ್ನು ಕೈಯಲ್ಲಿ ಹಿಡಿದು ಕೇಬಲನ್ನು ಮೆಲ್ಲನೆ ಎಳೆದೆ. ಮೇಲಿನ ಕಪ್ಪು ಸ್ಲೀವ್ ರಬ್ಬರಿನಂತೆ ಹಿಗ್ಗಿತು. ಒಳಗೆ ಹಿಡಿತವೇ ಇರಲಿಲ್ಲ. ಬ್ಲೇಡಿನಿಂದ ಸೀಳಿದಾಗ ಹಸಿರು ಪುಡಿ ಬೆಂಚಿನ ಮೇಲೆ ಉದುರಿತು. ಲಗ್ಗಿನ ಬುಡದಲ್ಲಿ ತಾಮ್ರದ ಎಳೆಗಳು ಕಪ್ಪಾಗಿ, ಮುಟ್ಟಿದರೆ ಮುರಿಯುವಂತಾಗಿದ್ದವು. ಒಂದು ಬದಿಯಲ್ಲಿ ಕೆಲವೇ ಎಳೆಗಳು ಕೆಂಪಗೆ ಉಳಿದಿದ್ದವು. ಹೊರಗಿನಿಂದ ನೋಡಿದವರಿಗೆ ಅದು ಅಚ್ಚುಕಟ್ಟಾದ, ಬಿಗಿಯಾದ ಕೇಬಲ್. ನೀರು ಒಮ್ಮೆ ಸ್ಲೀವಿನೊಳಗೆ ಇಳಿದರೆ ಹೊರಬರುವುದಿಲ್ಲ. ಅದರಲ್ಲಿ ಮೈಲುತುತ್ತು ಕರಗಿದ್ದರೆ ಕೊಳೆಯುವಿಕೆ ಬೇಗ. ಮೂಲ ದೋಷ ಬಣ್ಣದ್ದು ಎಂದೇ ನನ್ನ ತೀರ್ಮಾನ, ಮಳೆಯೂ ಮೈಲುತುತ್ತೂ ಅದಕ್ಕೆ ಕೈಜೋಡಿಸಿದವು.

ಈಗ ಉಳಿದ ಪ್ರಶ್ನೆ: ದಪ್ಪ ಕೇಬಲ್ ಹೀಗೆ ಸತ್ತಿದ್ದರೂ ಎಂಜಿನ್ ಅಷ್ಟಾದರೂ ತಿರುಗಿದ್ದು ಹೇಗೆ? ಸೀಟಿನ ಕೆಳಗೆ ಟೇಪು ಬಿಚ್ಚಿ ತೆಳು ಅರ್ತ್ ವೈರನ್ನು ಬೆರಳಿನಲ್ಲಿ ಹಿಡಿದೆ. ಆಗಷ್ಟೇ ಕೆಲವು ಸಲ ಗುಂಡಿ ಒತ್ತಿಸಿದ್ದೆ, ವೈರ್ ಬೆಚ್ಚಗಿತ್ತು. ಮೈ ಮೆದುವಾಗಿರಬೇಕಾದ ವೈರ್ ಕಡ್ಡಿಯಂತೆ ಗಡುಸಾಗಿತ್ತು. ತೋಟದ ಮುಖ್ಯ ಪೈಪು ಕಟ್ಟಿಕೊಂಡು ಪಂಪಿನ ನೀರೆಲ್ಲ ಹನಿ ನೀರಾವರಿಯ ಸಣ್ಣ ಕೊಳವೆಗೆ ನುಗ್ಗಿದರೆ ಏನಾಗುತ್ತದೋ ಅದೇ ಇಲ್ಲಿ ಆಗಿತ್ತು. ಎಂಜಿನ್ನಿನಿಂದ ಮರಳಲು ದಾರಿ ಸಿಗದ ಕರೆಂಟ್ ಎಂಜಿನ್ ಕೂರಿಸಿದ ಬೋಲ್ಟುಗಳ ಮೂಲಕ ಚಾಸಿಗೆ ಹರಿದು, ಅಲ್ಲಿಂದ ಈ ತೆಳು ವೈರಿನಲ್ಲಿ ಬ್ಯಾಟರಿಗೆ ಮರಳುತ್ತಿತ್ತು.

ಸಿಡಿಐ ಏಕೆ ಸೋಲುತ್ತಿತ್ತು ಎಂಬುದಕ್ಕೂ ಇಲ್ಲೇ ಉತ್ತರ. ಸಿಡಿಐಯ ಅರ್ತ್ ಕೂಡ ಇದೇ ತೆಳು ವೈರಿನ ಮೇಲೆ ನಿಂತಿದೆ. ಆ ವೈರಿನಲ್ಲಿ ಎರಡೂವರೆ ವೋಲ್ಟ್ ಕಳೆದುಹೋದರೆ ಸಿಡಿಐಯ ಪಾಲಿನಲ್ಲೂ ಅಷ್ಟು ಕಡಿತ. ದಪ್ಪ ಕೇಬಲ್ ಬಿಚ್ಚುವ ಮೊದಲೇ ಸಿಡಿಐಯ ಕನೆಕ್ಟರಿನಲ್ಲಿ ಪಾಸಿಟಿವ್‌ಗೂ ಅರ್ತ್‌ಗೂ ನಡುವೆ ಅಳೆದಿದ್ದೆ: ಗುಂಡಿ ಒತ್ತಿದಾಗ 8.2. ಬ್ಯಾಟರಿಯಲ್ಲಿ 11.2 ಇರುವಾಗಲೇ ಸಿಡಿಐಗೆ ಸಿಕ್ಕಿದ್ದು 8.2. ಅಗ್ಗದ ಹೊಸ ಸಿಡಿಐ ಅಷ್ಟರಲ್ಲಿ ಕಿಡಿ ಕೊಡಲಿಲ್ಲ, ಮೂಲ ಸಿಡಿಐ ಕೂಡ ಕೊಟ್ಟಿರಲಿಲ್ಲ.

ದುರಸ್ತಿ, ಮತ್ತೆ ಒಂದು ಅಳತೆ

ಇನ್ವರ್ಟರ್ ಅಂಗಡಿಯಿಂದ 10 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ತಂದು, ಎರಡೂ ತುದಿಗೆ ತಾಮ್ರದ ಲಗ್ ಹಾಕಿ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿದೆ. ಸುತ್ತಿಗೆಯಿಂದ ಬಡಿದು ಲಗ್ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಇನ್ನೆರಡು ಮಳೆಗಾಲಕ್ಕೆ ಅದು ಮತ್ತೆ ಇದೇ ಸ್ಥಿತಿಗೆ ಬರುತ್ತದೆ. ಅಂಟು ಇರುವ ಸ್ಲೀವನ್ನು ಬಿಸಿ ಮಾಡಿ ಲಗ್ಗಿನ ಬುಡ ಮುಚ್ಚಿದೆ. ಎಂಜಿನ್ನಿನ ಮೈಯಲ್ಲಿ ಲಗ್ ಕೂರುವಷ್ಟು ಜಾಗದ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಹೊಸ ಬೋಲ್ಟಿನಲ್ಲಿ ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಜೆಲ್ಲಿ ಮೊದಲು, ಬೋಲ್ಟ್ ಆಮೇಲೆ ಎಂಬ ಕ್ರಮವೂ ರೂಢಿಯಲ್ಲಿದೆ. ಲೋಹಕ್ಕೆ ಲೋಹ ಮೊದಲು ಕೂಡಲಿ, ರಕ್ಷಣೆ ಆಮೇಲೆ ಎನ್ನುವುದು ನನ್ನ ಪಕ್ಷ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಸ್ಪ್ಯಾನರ್ ಚಾಸಿಗೆ ತಾಗಿದರೂ ಕಿಡಿ ಹಾರದಿರಲಿ ಎಂದು.

ಗುಂಡಿ ಒತ್ತಿದರೆ ಎಂಜಿನ್ ಗಿರ್ರನೆ ತಿರುಗಿ ಹತ್ತಿಕೊಂಡಿತು. ಮಾಸ್ತರರ ಮುಖ ಅರಳಿತು. ಆದರೆ ಅಳತೆ ನೋಡಿದ ಅವರಿಗೆ ಸಂಶಯ ಬಂತು. ಎಂಜಿನ್ ತಿರುಗುವಾಗ ಬ್ಯಾಟರಿಯಲ್ಲಿ ಈಗ 10.4 ಇತ್ತು.

“ಮೊದಲು 11ರ ಮೇಲಿತ್ತು, ಈಗ ಇಳಿದಿದೆಯಲ್ಲ?”

ಪ್ರಶ್ನೆ ಸರಿಯಾಗಿಯೇ ಇದೆ. ತಡೆ ಹೋದದ್ದರಿಂದ ಮೋಟಾರ್ ಈಗ ತನಗೆ ಬೇಕಾದಷ್ಟು ಕರೆಂಟ್ ಎಳೆಯುತ್ತಿದೆ, ಎಳೆದಷ್ಟು ಬ್ಯಾಟರಿ ಬಾಗುತ್ತದೆ. ಅರ್ತ್ ದಾರಿಯಲ್ಲಿ ಈಗ ಕಳೆಯುತ್ತಿದ್ದದ್ದು ಬರೀ 0.1. ದುರಸ್ತಿಯಾದ ಮೇಲೆ ಬ್ಯಾಟರಿಯ ವೋಲ್ಟೇಜ್ ಮೊದಲಿಗಿಂತ ಹೆಚ್ಚು ಇಳಿಯುವುದು ಒಳ್ಳೆಯ ಲಕ್ಷಣ. ಬ್ಯಾಟರಿಯ ಅಂಕಿ ಒಂದನ್ನೇ ನೋಡುವವರು ಇಲ್ಲಿ ಎಡವುತ್ತಾರೆ.

ಅಲ್ಲಿಗೆ ಬೈಕು ಕೊಟ್ಟು ಕಳಿಸಬಹುದಿತ್ತು. ಒಂದು ಸಂಗತಿ ಮಾತ್ರ ಬಾಕಿ ಇತ್ತು: ಮೊದಲ ಹೊಸ ಬ್ಯಾಟರಿ ವರ್ಷದೊಳಗೆ ಏಕೆ ಸತ್ತಿತು? ಅರ್ತ್ ಕೆಟ್ಟದ್ದರಿಂದ ಸೆಲ್ಫ್ ಸೋಲಬಹುದು, ಬ್ಯಾಟರಿ ಸಾಯಬೇಕಾಗಿಲ್ಲ. ಎಂಜಿನ್ನನ್ನು ಓಡಿಸುವ ವೇಗಕ್ಕೆ ಏರಿಸಿ ಬ್ಯಾಟರಿಯಲ್ಲಿ ಅಳೆದರೆ 13.3 ವೋಲ್ಟ್. ಆರೋಗ್ಯವಂತ ಚಾರ್ಜಿಂಗ್ 13.8ರಿಂದ 14.5ರ ನಡುವೆ ಇರಬೇಕು. ರೆಗ್ಯುಲೇಟರ್ ಬದಲಾಯಿಸಲು ಇಷ್ಟು ಸಾಕಾದ ಕಾರಣ. ಬೇರೆ ಕಡೆ ಆಗಿದ್ದರೆ ಬದಲಾಗಿಯೂ ಬಿಡುತ್ತಿತ್ತು. ನಾನು ರೆಗ್ಯುಲೇಟರಿನ ಕನೆಕ್ಟರಿನಲ್ಲಿ ಅದರ ಔಟ್‌ಪುಟ್ ವೈರಿಗೂ ಅದರ ಅರ್ತ್ ವೈರಿಗೂ ನಡುವೆ ಅಳೆದೆ. 14.2. ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಿದೆ, ಬ್ಯಾಟರಿಗೆ ತಲುಪುವಷ್ಟರಲ್ಲಿ 0.9 ಕಳೆಯುತ್ತಿದೆ.

ಮತ್ತೆ ಅದೇ ತೆಳು ವೈರ್. ಸ್ಟಾರ್ಟರಿನ ಕರೆಂಟ್ ಹೊತ್ತು ಹೊತ್ತು ಅದರ ಜೋಡಣೆಯೊಂದು ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಚಾರ್ಜಿಂಗಿನ ಕರೆಂಟ್ ಬ್ಯಾಟರಿಗೆ ಸುತ್ತು ಹಾಕಿ ಬರಬೇಕಾದದ್ದೂ ಅದರಲ್ಲಿಯೇ. ಹೀಗೆ ಒಂದು ಕೇಬಲಿನ ಕೊಳೆತ ತುದಿ ತೆಳು ವೈರನ್ನು ಬೇಯಿಸಿತು, ಬೆಂದ ವೈರ್ ಬ್ಯಾಟರಿಯನ್ನು ಸದಾ ಅರೆಹೊಟ್ಟೆಯಲ್ಲಿ ಇಟ್ಟಿತು, ಅರೆಹೊಟ್ಟೆಯ ಬ್ಯಾಟರಿಯ ತಟ್ಟೆಗಳಲ್ಲಿ ಸಲ್ಫೇಟ್ ಗಟ್ಟಿಯಾಗಿ ಅದು ಬೇಗ ಸತ್ತಿತು, ಸತ್ತ ಬ್ಯಾಟರಿಯನ್ನು ನೋಡಿದವರು ತೊಂದರೆ ಬ್ಯಾಟರಿಯದ್ದೇ ಎಂದು ತೀರ್ಪು ಕೊಟ್ಟರು. ಆ ಜೋಡಣೆಯನ್ನು ಕತ್ತರಿಸಿ ಹೊಸ ವೈರ್ ಹಾಕಿದ ಮೇಲೆ ಬ್ಯಾಟರಿಯಲ್ಲಿ 14.1. ಅವರ ಹಳೆಯ ಮೂಲ ಸಿಡಿಐ ಮನೆಯಲ್ಲಿತ್ತು. ಅದನ್ನೇ ಮತ್ತೆ ಹಾಕಿ ಅಗ್ಗದ್ದನ್ನು ತೆಗೆದಿಟ್ಟೆವು.

ಒಟ್ಟು ಖರ್ಚು ಒಂದು ಬ್ಯಾಟರಿಯ ಅರ್ಧ ಬೆಲೆಗೂ ಬರಲಿಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಅಳೆದಾಗಲೂ ಅರ್ತ್ ದಾರಿಯ ನಷ್ಟ 0.1ರಲ್ಲೇ ನಿಂತಿತ್ತು, ಬ್ಯಾಟರಿಯೂ ಅದೇ ಇತ್ತು. ಮೈಲುತುತ್ತು ಮಾತ್ರ ಈಗ ಜೀಪಿನಲ್ಲಿ ಬರುತ್ತದೆ.

ಇದೇ ಲಕ್ಷಣ, ಬೇರೆ ಅಂಕಿ

ಈ ಪ್ರಕರಣವನ್ನು ಓದಿ ಸೆಲ್ಫ್ ಸೋತ ಪ್ರತಿ ಬೈಕಿನ ಅರ್ತ್ ಕೇಬಲ್ ಬದಲಾಯಿಸಲು ಹೊರಟರೆ ಅದೂ ಮೊದಲಿನ ಗ್ಯಾರೇಜುಗಳ ದಾರಿಯೇ. ಗುಂಡಿ ಒತ್ತಿದಾಗ ಬ್ಯಾಟರಿಯೇ 9ರ ಕೆಳಗೆ ಬಿದ್ದಿದ್ದರೆ ನಾನು ಕೇಬಲ್ ಮುಟ್ಟುತ್ತಿರಲಿಲ್ಲ. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಿ ಮತ್ತೆ ಅಳೆಯುತ್ತಿದ್ದೆ. ಆಗಲೂ ಬಿದ್ದರೆ ಬ್ಯಾಟರಿ, ಇಲ್ಲವೆಂದರೆ ಚಾರ್ಜಿಂಗ್. ಬ್ಯಾಟರಿ 11ರ ಮೇಲಿದ್ದು ಪಾಸಿಟಿವ್ ದಾರಿಯಲ್ಲಿ 2 ವೋಲ್ಟ್ ಕಳೆದಿದ್ದರೆ ರಿಲೇಯ ಎರಡು ದಪ್ಪ ಬೋಲ್ಟುಗಳ ನಡುವೆ ಅಳೆಯಬೇಕು. ಹಳೆಯ ರಿಲೇಗಳಲ್ಲಿ ಒಳಗಿನ ತಾಮ್ರದ ತಟ್ಟೆ ಸುಟ್ಟು ಹೀಗಾಗುವುದು ಸಾಮಾನ್ಯ. ಎರಡೂ ದಾರಿ ಚೊಕ್ಕಟವಾಗಿದ್ದು, ಮೋಟಾರಿಗೆ 10ರಷ್ಟು ಸೇರುತ್ತಿದ್ದೂ ಅದು ತಿರುಗದಿದ್ದರೆ ಮಾತ್ರ ಮೋಟಾರ್ ಬಿಚ್ಚುವ ಸರದಿ. ರಿಲೇ ಟಿಕ್ ಎಂದು ಸದ್ದು ಕೂಡ ಮಾಡದಿದ್ದರೆ ಕಥೆಯೇ ಬೇರೆ. ಆಗ ಗುಂಡಿ, ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್ಚುಗಳ ತೆಳು ವೈರುಗಳಲ್ಲಿ ಹುಡುಕಬೇಕು, ದಪ್ಪ ಕೇಬಲುಗಳಿಗೆ ಅದರಲ್ಲಿ ಪಾತ್ರವಿಲ್ಲ.

ಮೀಟರ್ ಇಲ್ಲದವರಿಗೆ ಒಂದು ಉಪಾಯವಿದೆ. ಕೀಲಿ ತಿರುಗಿಸಿ, ಹಾರ್ನ್ ಒತ್ತಿ ಹಿಡಿದುಕೊಂಡೇ ಸೆಲ್ಫ್ ಒತ್ತಿ. ಹಾರ್ನಿನ ದನಿ ಸ್ವಲ್ಪ ತಗ್ಗುವುದು ಸಹಜ. ಕೀರಲಾಗಿ ಉಡುಗಿಯೇ ಹೋದರೆ ವೋಲ್ಟೇಜ್ ಎಲ್ಲೋ ಕಳೆಯುತ್ತಿದೆ ಎಂದರ್ಥ. ಆಗ ಕಾರಿನ ಜಂಪರ್ ಕೇಬಲ್ ಇದ್ದರೆ ಅದರ ಒಂದೇ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಜಾಗಕ್ಕೂ ಕಚ್ಚಿಸಿ ಮತ್ತೆ ಒತ್ತಿ ನೋಡಬಹುದು. ಪಾಸಿಟಿವ್‌ಗೆ ಮಾತ್ರ ತಾಗಿಸಬಾರದು. ಎಂಜಿನ್ ಚುರುಕಾಗಿ ತಿರುಗಿದರೆ ಅರ್ತ್ ಕೇಬಲನ್ನು ಬಿಚ್ಚಿ, ಸ್ಲೀವ್ ಸೀಳಿ ನೋಡುವುದು. ತಿರುಗದಿದ್ದರೆ ಮೀಟರ್ ಇರುವವರ ಬಳಿಗೆ ಹೋಗುವುದು.